ಪಂದ್ಯ ಜಾಸ್ತಿಯಾದರೆ ಜನ ಜಾಸ್ತಿ ಬರುತ್ತಾರಾ?

ಡಬ್ಲಿನ್‌ನಿಂದ ಬರೆದ ಓದುಗ ಮಿತ್ರರೇ, ನಿಮ್ಮ ಪತ್ರ ಓದಿ ಖುಷಿಯಾಯಿತು. ಐರ್ಲೆಂಡಿನದೇ ಆಟವಾದ ಗೇಲಿಕ್ ಫುಟ್‌ಬಾಲ್‌ನಲ್ಲಿ ಒಮ್ಮೆ ಸೋತರೆ ಮನೆಗೆ ಕಳಿಸುತ್ತಿದ್ದ ಹಳೇ ನಾಕೌಟ್ ಅನ್ಯಾಯದ್ದು, ಗುಂಪು ಹಂತ ಇದ್ದರೆ ಪಂದ್ಯ ಜಾಸ್ತಿ, ಆಗ ಜನರ ಆಸಕ್ತಿಯೂ ಜಾಸ್ತಿ ಅಂತ ಬರೆದಿದ್ದೀರಿ.

ಅನ್ಯಾಯ ಅನ್ನುವುದನ್ನು ಒಪ್ಪುತ್ತೇನೆ. ಈ ಆಟಗಾರರಿಗೆ ಸಂಬಳ ಇಲ್ಲ. ಹಗಲು ಶಾಲೆಯಲ್ಲಿ ಪಾಠ ಮಾಡಿಯೋ, ಹೊಲದಲ್ಲಿ ದುಡಿದೋ, ಸಂಜೆ ಅಭ್ಯಾಸಕ್ಕೆ ಓಡುವವರು. ಚಳಿಗಾಲವೆಲ್ಲ ಬೆವರು ಹರಿಸಿ ಒಂದೇ ಪಂದ್ಯಕ್ಕೆ ವರ್ಷ ಮುಗಿದುಹೋದರೆ ಹೊಟ್ಟೆ ಉರಿಯುತ್ತೆ ಅಲ್ವಾ? ಅದಕ್ಕೇ 2001ರಲ್ಲಿ ಫುಟ್‌ಬಾಲ್‌ನಲ್ಲಿ ಸೋತವರಿಗೆ ಇನ್ನೊಂದು ಅವಕಾಶ ಕೊಟ್ಟರು. ಗಾಲ್ವೇ ಕೌಂಟಿಯ (ಜಿಲ್ಲೆಯ) ತಂಡ ಆ ವರ್ಷವೇ ಈ ಹಿಂಬಾಗಿಲಿನಿಂದ ಬಂದು ಕಪ್ ಗೆದ್ದಿತು.

ಆಸಕ್ತಿಯ ಮಾತು ಮಾತ್ರ ಬೇರೆ. ಅದೇ ಫುಟ್‌ಬಾಲ್‌ನಲ್ಲಿ 2023ರಿಂದ 2025ರವರೆಗೆ ನಡೆದದ್ದು ನೋಡಿ: 16 ತಂಡ, ನಾಲ್ಕು ಗುಂಪು, ಪ್ರತಿ ಗುಂಪಿನಿಂದ ಮೂರು ತಂಡ ಮುಂದಕ್ಕೆ. ಅಂದರೆ 24 ಪಂದ್ಯ ಆಡಿಸಿ ಹೊರಗೆ ಕಳಿಸಿದ್ದು ಬರೀ 4 ತಂಡಗಳನ್ನು! ಸೋತರೂ ಏನೂ ಆಗಲ್ಲ ಅಂತ ಗೊತ್ತಿದ್ದ ಮೇಲೆ, ಪೆಟ್ರೋಲ್‌ಗೂ ಟಿಕೆಟ್‌ಗೂ ದುಡ್ಡು ಸುರಿದು ಮಕ್ಕಳನ್ನು ಕಟ್ಟಿಕೊಂಡು ಯಾಕೆ ಹೋಗಬೇಕು ಹೇಳಿ. ಕೊನೆಗೆ ಈ ಆಟಗಳನ್ನು ನಡೆಸುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ನೇ 2025ರಲ್ಲಿ ಮತಕ್ಕೆ ಹಾಕಿ ಇದನ್ನು ಕೈಬಿಡಲು ತೀರ್ಮಾನಿಸಿತು.

ಹಾಗಂತ ಗುಂಪು ಪದ್ಧತಿಯನ್ನೇ ದೂರಬೇಡಿ. 2020 ಮತ್ತು 2021 ಬಿಟ್ಟರೆ, 2018ರಿಂದ ಮನ್‌ಸ್ಟರ್ ಪ್ರಾಂತ್ಯದ ಹರ್ಲಿಂಗ್ (ಕೋಲು ಚೆಂಡಿನ ಐರಿಷ್ ಆಟ) ನಡೆಯುತ್ತಿರುವುದೂ ಎಲ್ಲರೂ ಎಲ್ಲರ ಮೇಲೆ ಆಡುವ ಪದ್ಧತಿಯಲ್ಲೇ. ಕಾರ್ಕ್, ಕ್ಲೇರ್, ಲಿಮರಿಕ್, ಟಿಪರರಿ, ವಾಟರ್‌ಫರ್ಡ್, ಐದೂ ಅಕ್ಕಪಕ್ಕದ ಕೌಂಟಿಗಳು, ಐದಕ್ಕೂ ಹಳೇ ಹಗೆ. ಒಬ್ಬೊಬ್ಬರಿಗೆ ನಾಲ್ಕೇ ಪಂದ್ಯ, ಎರಡು ತಮ್ಮೂರಲ್ಲಿ, ಎರಡು ಹೊರಗೆ. ಮೂವರು ಉಳೀತಾರೆ, ಇಬ್ಬರ ವರ್ಷ ಅಲ್ಲಿಗೇ ಮುಗೀತು. 2024ರಲ್ಲಿ ಇಡೀ ಐರ್ಲೆಂಡಿಗೇ ಚಾಂಪಿಯನ್ ಆದ ಕ್ಲೇರ್, 2025ರಲ್ಲಿ ಈ ಹಂತ ದಾಟಲೇ ಇಲ್ಲ. 2024ರಲ್ಲಿ ಇಲ್ಲಿ ಒಂದೂ ಗೆಲ್ಲದ ಟಿಪರರಿ, ಮರುವರ್ಷ ಮೂರನೇ ಸ್ಥಾನದಲ್ಲಿ ಹೇಗೋ ಉಳಿದುಕೊಂಡು ಜುಲೈನಲ್ಲಿ ಚಾಂಪಿಯನ್ ಆಯಿತು. ಇಂಥ ಕಡೆ ಜನ ಸೇರುವುದು ಸುಮ್ನೆ ಅಲ್ಲ. ಪ್ರತಿ ಸೋಲಿಗೂ ಬೆಲೆ ತೆರಬೇಕು, ಎದುರಿಗಿರುವವರು ಪಕ್ಕದೂರಿನವರು. ನನ್ನ ಪ್ರಕಾರ ಇವೆರಡೇ ಬೇಕಾದದ್ದು, ಪದ್ಧತಿ ಯಾವುದಾದರೂ ಇರಲಿ.

ನಿಮ್ಮೂರಿನ ಹಿರಿಯರನ್ನು 1991ರ ಬಗ್ಗೆ ಕೇಳಿ ನೋಡಿ. ಫುಟ್‌ಬಾಲ್‌ನಲ್ಲಿ ಡಬ್ಲಿನ್ ಮತ್ತು ಪಕ್ಕದ ಮೀತ್, ಲೆನ್‌ಸ್ಟರ್ ಪ್ರಾಂತ್ಯದ ಆರಂಭದ ಸುತ್ತು, ಸೋತವರು ಮನೆಗೆ. ಮೂರು ಸಲ ಸಮ. ನಾಲ್ಕನೇ ಸಲ ಡಬ್ಲಿನ್ ಒಂದು ಪೆನಾಲ್ಟಿ ಕಳೆದುಕೊಂಡಿತು. ಕೊನೇ ಗಳಿಗೆಯಲ್ಲಿ ಮೀತ್‌ನ ರಕ್ಷಣಾ ಆಟಗಾರ ಕೆವಿನ್ ಫೋಲಿ ಎಲ್ಲಿಂದಲೋ ಮುಂದೆ ಬಂದು ಗೋಲು ಹೊಡೆದರು, ಹಿಂದೆಯೇ ಡೇವಿಡ್ ಬೆಗ್ಗಿ ಒಂದು ಪಾಯಿಂಟ್ ಸೇರಿಸಿದರು. ಮೀತ್ 2-10, ಡಬ್ಲಿನ್ 0-15; ಮೊದಲಿನದು ಗೋಲು, ಆಮೇಲಿನದು ಪಾಯಿಂಟ್. ಗೋಲಿಗೆ ಮೂರು ಪಾಯಿಂಟ್, ಲೆಕ್ಕ ಹಾಕಿ ನೋಡಿ, ಒಂದೇ ಪಾಯಿಂಟ್ ಅಂತರ! ಡಬ್ಲಿನ್‌ಗೆ ಎರಡನೇ ಅವಕಾಶ ಇದ್ದಿದ್ದರೆ ಆ ಗೋಲನ್ನು ಇವತ್ತಿಗೂ ಯಾರು ನೆನೆಯುತ್ತಿದ್ದರು?

ಮೊದಲ ಸಲ ಯಾವ ಪಂದ್ಯ ನೋಡಲಿ ಅಂತಲೂ ಕೇಳಿದ್ದೀರಿ. ಡಬ್ಲಿನ್‌ನ ದೊಡ್ಡ ಮೈದಾನ ಕ್ರೋಕ್ ಪಾರ್ಕ್‌ನ ಫೈನಲ್ ಟಿಕೆಟ್‌ಗೆ ಕಾಯುತ್ತಾ ಕೂರಬೇಡಿ. ಮನ್‌ಸ್ಟರ್ ಹರ್ಲಿಂಗ್ ನಡೆಯುವಾಗ ಕಾರ್ಕ್ ರೈಲು ಹತ್ತಿ, ಟಿಪರರಿಯ ತವರು ಮೈದಾನವಿರುವ ಥರ್ಲಸ್‌ನಲ್ಲಿ ಇಳಿಯಿರಿ. ಟಿಕೆಟ್ ಮಾತ್ರ ಮೊದಲೇ ತೆಗೆದಿಟ್ಟುಕೊಳ್ಳಿ.

- ಸಂಪಾದಕ