ಸೂಪರ್‌ಜೂಮ್ ಮಾರಿ ಡಿಎಸ್‌ಎಲ್‌ಆರ್ ಕೊಂಡರೆ ಚಿತ್ರದ ಗುಣಮಟ್ಟ ಹೆಚ್ಚುತ್ತದೆಯೇ?

ನಿಮ್ಮ ಬಳಿಯಿರುವ ನಿಕಾನ್ ಪಿ900 (ಬಹಳ ದೂರದವರೆಗೆ ಜೂಮ್ ಆಗುವ, ಲೆನ್ಸ್ ಬದಲಿಸಲಾಗದ ಸೂಪರ್‌ಜೂಮ್) ಮಾರಿ, ಲೆನ್ಸ್ ಬದಲಿಸಬಹುದಾದ ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಂಡರೆ ಪ್ರಾಣಿ-ಪಕ್ಷಿಗಳ ಚಿತ್ರ ಖಂಡಿತ ಸುಧಾರಿಸುತ್ತದಲ್ಲವೇ ಎಂದು ಕೇಳಿದ್ದೀರಿ. ಇದೇ ಕ್ಯಾಮೆರಾವನ್ನು, ಇದೇ ನಂಬಿಕೆಯಿಂದ ನಾನು ಮಾರಿದ್ದೆ. ನಾನು ತುಮಕೂರಿನವನು, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳನ್ನು ಚಿತ್ರಿಸುವುದೇ ನನ್ನ ಮುಖ್ಯ ಹವ್ಯಾಸ. ಮಾರಿ ಬಂದ ಹಣಕ್ಕೆ ಇನ್ನಷ್ಟು ಸೇರಿಸಿ 24 ಮೆಗಾಪಿಕ್ಸೆಲ್‌ನ ಡಿಎಸ್‌ಎಲ್‌ಆರ್ ಮತ್ತು 70-300 ಮಿ.ಮೀ. ಲೆನ್ಸ್ ಕೊಂಡೆ. ಆ ಹುಲ್ಲುಗಾವಲಿಗೆ ಹೋಗಿ ಬಂದು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದಾಗ ಹುಲ್ಲು, ಆಕಾಶ ಎಲ್ಲವೂ ಸೊಗಸಾಗಿದ್ದವು, ಮೃಗ ಮಾತ್ರ ಬಹಳ ಚಿಕ್ಕದಾಗಿತ್ತು. ಸುತ್ತಲಿನ ಭಾಗ ಕತ್ತರಿಸಿ, ಅಂದರೆ ಕ್ರಾಪ್ ಮಾಡಿ, ಅದನ್ನು ದೊಡ್ಡದಾಗಿಸಿದರೆ ಹಳೆಯ ಕ್ಯಾಮೆರಾದ ಚಿತ್ರಕ್ಕಿಂತ ಕಳಪೆಯಾಗಿ ಕಾಣುತ್ತಿತ್ತು.

ನಾನು ಬೆಳಕನ್ನು ಚಿತ್ರವಾಗಿಸುವ ಸೆನ್ಸರ್‌ನ ಅಳತೆಯನ್ನು ನೋಡಿದೆನೇ ಹೊರತು, ಕ್ರಾಪ್ ಮಾಡಿದ ಮೇಲೆ ಅದರಲ್ಲಿ ಎಷ್ಟು ಉಳಿಯುತ್ತದೆ ಎಂಬ ಲೆಕ್ಕ ಹಾಕಲಿಲ್ಲ. ಪಿ900 ಸೆನ್ಸರ್‌ನ ವಿಸ್ತೀರ್ಣ ಸುಮಾರು 28 ಚದರ ಮಿ.ಮೀ., ನನ್ನ ಡಿಎಸ್‌ಎಲ್‌ಆರ್‌ನ ಎಪಿಎಸ್-ಸಿ ಎಂಬ ಅಳತೆಯ ಸೆನ್ಸರ್‌ನದು ಸುಮಾರು 366, ಅಂದರೆ ಹದಿಮೂರು ಪಟ್ಟು. ಆದರೆ ಫುಲ್ ಫ್ರೇಮ್ ಲೆಕ್ಕದಲ್ಲಿ (ಬೇರೆ ಬೇರೆ ಅಳತೆಯ ಸೆನ್ಸರ್‌ಗಳನ್ನು ಹೋಲಿಸಲು 35 ಮಿ.ಮೀ. ಫಿಲ್ಮಿನ ಅಳತೆಗೆ ಸರಿಹೊಂದಿಸಿ ಹೇಳುವ ಲೆಕ್ಕ) ಪಿ900 ತಲುಪುವುದು 2000 ಮಿ.ಮೀ.ವರೆಗೆ, 300 ಮಿ.ಮೀ.ನ ನನ್ನ ಹೊಸ ಲೆನ್ಸ್ 450ರವರೆಗೆ ಮಾತ್ರ. ಮೃಗವನ್ನು ಅಷ್ಟೇ ದೊಡ್ಡದಾಗಿ ತೋರಿಸಬೇಕಾದರೆ ಉದ್ದ, ಅಗಲ ಎರಡನ್ನೂ ಸುಮಾರು ನಾಲ್ಕೂವರೆ ಪಟ್ಟು ಕಿರಿದಾಗಿಸಿ, ಚಿತ್ರದ ಇಪ್ಪತ್ತರಲ್ಲಿ ಒಂದು ಭಾಗವನ್ನಷ್ಟೇ ಉಳಿಸಿಕೊಳ್ಳಬೇಕು. ಆಗ 366ರಲ್ಲಿ ಬಳಕೆಗೆ ಬರುವುದು ಸುಮಾರು 18 ಚದರ ಮಿ.ಮೀ., 24 ಮೆಗಾಪಿಕ್ಸೆಲ್‌ನಲ್ಲಿ ಸುಮಾರು 1.2. ಹೀಗೆ ನಾನು ಹಣ ಕೊಟ್ಟು ತಂದ ದೊಡ್ಡ ಸೆನ್ಸರ್, ಮೈದನಹಳ್ಳಿಯ ಬಯಲಿನಲ್ಲಿ, ಮಾರಿದ ಸಣ್ಣ ಸೆನ್ಸರ್‌ಗಿಂತಲೂ ಸಣ್ಣದಾಗಿ ಕೆಲಸ ಮಾಡುತ್ತಿತ್ತು. ಪೂರ್ತಿ ಜೂಮ್‌ನಲ್ಲಿ ಪಿ900 ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಎಫ್/6.5ಕ್ಕೆ ಇಳಿಯುವುದರಿಂದ ಬೆಳಕಿನ ವಿವರ್ತನೆಯಾಗಿ, ಅಂದರೆ ಬೆಳಕು ಹರಡಿ ಚಿತ್ರ ಮಸುಕಾಗಿ, ಅದರ 16 ಮೆಗಾಪಿಕ್ಸೆಲ್ ಅಷ್ಟೂ ನಿಜವಾದ ವಿವರವಾಗುವುದಿಲ್ಲ, ನಿಜ, ಆದರೂ 1.2ಕ್ಕಿಂತ ಅದು ಎಷ್ಟೋ ಮೇಲು.

ಆದ್ದರಿಂದ ದೂರವನ್ನು ಹೇಳದೆ ಯಾವ ಕ್ಯಾಮೆರಾದ ಗುಣಮಟ್ಟ ಹೆಚ್ಚು ಎಂದು ಕೇಳುವುದೇ ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಅಲ್ಲಿ 300 ಮಿ.ಮೀ. ಧಾರಾಳವಾಗಿ ಸಾಕು, ಸೆನ್ಸರ್ ಪೂರ್ತಿ ಬಳಕೆಯಾಗುತ್ತದೆ. ಸಂಜೆಯ ಮಂದ ಬೆಳಕಿನಲ್ಲೂ ಗರಿಗಳು ಬಿಡಿಬಿಡಿಯಾಗಿ ಕಾಣುತ್ತವೆ. ಅದೇ ಬೆಳಕಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಏರಿಸಿದರೆ ಪಿ900 ಗರಿಗಳನ್ನು ಕಲಸಿಬಿಡುತ್ತದೆ, ಆಮೇಲೆ ತಿದ್ದಿಕೊಳ್ಳೋಣವೆಂದರೆ ಅದರಲ್ಲಿ ರಾ ಫೈಲ್ (ಸೆನ್ಸರ್ ದಾಖಲಿಸಿದ್ದನ್ನು ಸಂಸ್ಕರಿಸದೆ ಉಳಿಸುವ ಕಡತ) ಸೌಲಭ್ಯವೂ ಇಲ್ಲ. ಹಾರುವ ಹಕ್ಕಿಗೂ ಡಿಎಸ್‌ಎಲ್‌ಆರ್ ಉತ್ತಮ. ಇನ್ನು ನಡುಮಧ್ಯಾಹ್ನ ಬಯಲಿನ ಬಿಸಿಗಾಳಿ ಅಲುಗಾಡುವಾಗ ಎರಡೂ ಸೋಲುತ್ತವೆ.

ದೂರದ ಮೃಗಗಳೇ ನಿಮ್ಮ ಆಸೆಯಾಗಿದ್ದರೆ, 500 ಅಥವಾ 600 ಮಿ.ಮೀ. ಲೆನ್ಸಿಗೆ ಹಣ ಕೂಡುವವರೆಗೆ ಕೈಯಲ್ಲಿರುವುದನ್ನು ಬಿಡಬೇಡಿ. ಅಂಥ ಲೆನ್ಸ್ ಸುಮಾರು ಎರಡು ಕಿಲೋ ತೂಗುತ್ತದೆ, 899 ಗ್ರಾಂನ ಪಿ900 ಹೊತ್ತು ಅಭ್ಯಾಸವಾದ ಹೆಗಲಿಗೆ ಅದು ಹೊರೆಯೇ.

ಮಾರುವ ಮೊದಲು ನಿಮಗೆ ಇಷ್ಟವಾದ ಹಳೆಯ ಚಿತ್ರಗಳನ್ನು ತೆರೆದು, ಅವುಗಳ ಮಾಹಿತಿಯಲ್ಲಿ ದಾಖಲಾಗಿರುವ ನಿಜವಾದ ಫೋಕಲ್ ಲೆಂತ್ (ಲೆನ್ಸ್ ಎಷ್ಟು ಜೂಮ್ ಆಗಿತ್ತೆಂದು ಹೇಳುವ ಮಿ.ಮೀ. ಅಂಕಿ, ಫುಲ್ ಫ್ರೇಮ್ ಲೆಕ್ಕದ್ದಲ್ಲ) ನೋಡಿ. ಪಿ900ರ 80 ಮಿ.ಮೀ. ಎಂದರೆ ಫುಲ್ ಫ್ರೇಮ್ ಲೆಕ್ಕದಲ್ಲಿ ಸುಮಾರು 450; ಹೆಚ್ಚಿನವು ಅದರ ಒಳಗಿದ್ದರೆ 70-300 ಲೆನ್ಸ್ ಅಷ್ಟು ದೂರ ತಲುಪುತ್ತದೆ, ನಿಶ್ಚಿಂತೆಯಿಂದ ಮಾರಿ. ಪೂರ್ತಿ ಜೂಮ್‌ನ 357ರ (ಅದೇ 2000ದ ನಿಜವಾದ ಅಂಕಿ) ಆಸುಪಾಸಿನಲ್ಲೇ ಇದ್ದರೆ ಮಾರಬೇಡಿ.