ಉಸಿರಿನ ಪರೀಕ್ಷೆ: ಅಂಕಿಯ ಜತೆ ನಿಮಿಷವನ್ನೂ ಓದಿ

ಪ್ರಶ್ನೆ: ನನಗೆ 52 ವರ್ಷ. ಶಿರಸಿ ಸಮೀಪದ ಹಳ್ಳಿಯಲ್ಲಿ ಅಡಿಕೆ ತೋಟವಿದೆ. ಒಂದು ವರ್ಷದಿಂದ ಉಂಡ ಮೇಲೆ ಹೊಟ್ಟೆ ಉಬ್ಬುತ್ತದೆ. ಸಂಜೆಯಾದರೆ ಪಂಚೆಯ ಗಂಟು ಸಡಿಲಿಸಬೇಕು. ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಾಗಿದೆಯೇ ಎಂದು ನೋಡಲು ಹುಬ್ಬಳ್ಳಿಯಲ್ಲಿ ಲ್ಯಾಕ್ಟುಲೋಸ್ ಕುಡಿಸಿ ಉಸಿರಿನ ಪರೀಕ್ಷೆ ಮಾಡಿದರು. ಹೈಡ್ರೋಜನ್ ಮೊದಲಿಗೆ 6 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ ಎಂಬ ಲೆಕ್ಕ), ಆಮೇಲೆ 20 ನಿಮಿಷಕ್ಕೊಮ್ಮೆ 9, 13, 17, 23, 52, 68. ಮೀಥೇನ್ ಎಂಬ ಇನ್ನೊಂದು ಅನಿಲ 4 ದಾಟಿಲ್ಲ. ವರದಿಯಲ್ಲಿ 'ಪಾಸಿಟಿವ್' ಎಂದಿದೆ. ಎರಡು ವಾರದ ಆ್ಯಂಟಿಬಯೋಟಿಕ್ ಬರೆದಿದ್ದಾರೆ. ಪರೀಕ್ಷೆಗೆ 15 ದಿನ ಮೊದಲು ಹಲ್ಲುನೋವಿಗೂ ಆ್ಯಂಟಿಬಯೋಟಿಕ್ ನುಂಗಿದ್ದೆ. ಈಗ ಮತ್ತೆ ಶುರು ಮಾಡಲೇ?

ಉತ್ತರ: ಮಾತ್ರೆ ಶುರು ಮಾಡುವ ಮೊದಲು ಈ ವರದಿ ಹಿಡಿದು ವೈದ್ಯರನ್ನು ಇನ್ನೊಮ್ಮೆ ಕಾಣಿರಿ. ಹಲ್ಲುನೋವಿನ ಮಾತ್ರೆಯ ವಿಷಯವನ್ನು ತಪ್ಪದೆ ಹೇಳಿ.

ನಮ್ಮ ದೇಹದ ಜೀವಕೋಶಗಳು ಹೈಡ್ರೋಜನ್ ತಯಾರಿಸುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾ ಸಕ್ಕರೆಯನ್ನು ಹುದುಗಿಸಿದಾಗ ಆ ಅನಿಲ ಹುಟ್ಟಿ, ರಕ್ತ ಸೇರಿ, ಉಸಿರಿನಲ್ಲಿ ಹೊರಬೀಳುತ್ತದೆ. ನೀವು ಕುಡಿದ ಲ್ಯಾಕ್ಟುಲೋಸ್ ಮಲಬದ್ಧತೆಗೆ ಕೊಡುವ ಅದೇ ಸಿಹಿ ಸಿರಪ್. ಅದು ಸಣ್ಣ ಕರುಳಿನಲ್ಲಿ ಹೀರಿಕೆಯಾಗದೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಬ್ಯಾಕ್ಟೀರಿಯಾ ಇರಲೇಬೇಕು, ಹೆಚ್ಚಿನವರಲ್ಲಿ ಹೈಡ್ರೋಜನ್ ಏರಿಯೇ ಏರುತ್ತದೆ. ಆದ್ದರಿಂದ ಎಷ್ಟು ಏರಿತು ಎಂಬುದರಷ್ಟೇ ಯಾವಾಗ ಏರಿತು ಎಂಬುದೂ ಮುಖ್ಯ: ಬೇಗ ಏರಿದರೆ ಸಣ್ಣ ಕರುಳಿನ, ತಡವಾಗಿ ಏರಿದರೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾದ ಸುಳಿವು.

2017ರಲ್ಲಿ ಉತ್ತರ ಅಮೆರಿಕದ ತಜ್ಞರು ಒಪ್ಪಿದ ಅಳತೆಯಂತೆ, 'ಪಾಸಿಟಿವ್' ಎನ್ನಬೇಕಾದರೆ 90 ನಿಮಿಷದೊಳಗೆ ಹೈಡ್ರೋಜನ್ ಆರಂಭಕ್ಕಿಂತ 20 ಪಿಪಿಎಂ ಏರಬೇಕು. ಮೀಥೇನ್ ಆದರೆ ಯಾವ ಹೊತ್ತಿನಲ್ಲಾದರೂ 10 ಮುಟ್ಟಬೇಕು. ನಿಮ್ಮದು 80ನೇ ನಿಮಿಷದಲ್ಲಿ 23, ಅಂದರೆ ಏರಿಕೆ 17 ಮಾತ್ರ. 52 ಬಂದದ್ದು 100ನೇ ನಿಮಿಷಕ್ಕೆ. ನಿಮ್ಮನ್ನು ಹೆದರಿಸಿದ ಆ ದೊಡ್ಡ ಅಂಕಿಗಳು ಸಿರಪ್ ದೊಡ್ಡ ಕರುಳು ಸೇರಿದ್ದರ ಗುರುತು ಎಂದೇ ನಾನು ಓದುತ್ತೇನೆ. ಕರುಳಿನ ಚಲನೆ ಚುರುಕಾಗಿರುವವರಲ್ಲಿ ಅದು 90 ನಿಮಿಷಕ್ಕೆ ಮೊದಲೇ ತಲುಪಿ, ಆರೋಗ್ಯವಂತರಿಗೂ 'ಪಾಸಿಟಿವ್' ಬರುವುದುಂಟು.

ಹಾಗೆಂದು 'ನೆಗೆಟಿವ್' ಎಂದು ಬರೆದುಕೊಡಲೂ ನನಗೆ ಮನಸ್ಸಿಲ್ಲ. ಆ್ಯಂಟಿಬಯೋಟಿಕ್ ಮುಗಿದು ನಾಲ್ಕು ವಾರ ಕಳೆಯದೆ ಈ ಪರೀಕ್ಷೆ ಮಾಡಬಾರದು. ಅದನ್ನು ಮೊದಲೇ ನಿಮ್ಮಿಂದ ಕೇಳಿ ತಿಳಿಯಬೇಕಿತ್ತು. ಆರಂಭದ ಅಂಕಿ 6 ಇರುವುದನ್ನು ನೋಡಿದರೆ ಹಿಂದಿನ ದಿನದ ಪಥ್ಯವನ್ನು ನೀವು ಶ್ರದ್ಧೆಯಿಂದಲೇ ಮಾಡಿದ್ದೀರಿ. ಹಿಂದಿನ ರಾತ್ರಿ ಕಡಲೆ ಉಸಲಿಯನ್ನೋ ಹಲಸಿನಹಣ್ಣನ್ನೋ ತಿಂದು ಬಂದವರಲ್ಲಿ ಆ ಅಂಕಿಯೇ ಮೇಲಿರಬಹುದು. ಮತ್ತೆ ಮಾಡಿಸುವುದಾದರೆ ವೈದ್ಯರನ್ನು ಕೇಳಿ ಗ್ಲೂಕೋಸ್ ಪರೀಕ್ಷೆ ಮಾಡಿಸಿ. ಗ್ಲೂಕೋಸ್ ಸಣ್ಣ ಕರುಳಿನ ಮೇಲ್ಭಾಗದಲ್ಲೇ ಹೀರಿಕೆಯಾಗುವುದರಿಂದ ಸುಳ್ಳು 'ಪಾಸಿಟಿವ್' ಕಡಿಮೆ. ಕೆಳಭಾಗದ ತೊಂದರೆ ಮಾತ್ರ ತಪ್ಪಿಹೋಗಬಹುದು. ಪರೀಕ್ಷೆಯ ಬೆಳಿಗ್ಗೆ ಕವಳ (ಎಲೆ-ಅಡಿಕೆ), ಬೀಡಿ ಬೇಡ.

ಅಷ್ಟರವರೆಗೆ ಎರಡು ವಾರ ಹಾಲು, ಹಾಲು ಹಾಕಿದ ಚಹಾ ಬಿಟ್ಟು ನೋಡಿ. ಹಾಲಿನ ಸಕ್ಕರೆ ಜೀರ್ಣವಾಗದವರಿಗೂ ಹೊಟ್ಟೆ ಹೀಗೆಯೇ ಉಬ್ಬುತ್ತದೆ. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ ಅಥವಾ ರಕ್ತಹೀನತೆ ಇದ್ದರೆ ಉಸಿರಿನ ಪರೀಕ್ಷೆಗಾಗಿ ಕಾಯಬೇಡಿ. ಈ ವಾರವೇ ವೈದ್ಯರ ಬಳಿ ಹೋಗಿ.