ಆಟಕ್ಕುಂಟು, ಲೆಕ್ಕಕ್ಕಿಲ್ಲ

ಶಿವಮೊಗ್ಗದ ಓದುಗರೊಬ್ಬರು ಕೇಳಿದ್ದಾರೆ: "ಸಾರ್, ನಾರ್ಡಿಕ್, ಅಂದ್ರೆ ಉತ್ತರ ಯೂರೋಪ್ ಕಡೆಯ ಸಣ್ಣ ಫುಟ್‌ಬಾಲ್ ಟೀಮ್‌ಗಳಲ್ಲಿ 2016ರ ಐಸ್‌ಲ್ಯಾಂಡೇ ಎಲ್ಲಾ ಕಾಲಕ್ಕೂ ಬೆಸ್ಟ್. ಫಿಫಾ ರ್‍ಯಾಂಕಿಂಗ್ ಪಟ್ಟಿ ಲಗತ್ತಿಸಿದ್ದೀನಿ. ಫಿನ್‌ಲ್ಯಾಂಡ್, ಡೆನ್ಮಾರ್ಕಿಗೆ ಸೇರಿದ ಪುಟ್ಟ ಫೆರೋ ದ್ವೀಪ ಎಲ್ಲ ಲೆಕ್ಕಕ್ಕೇ ಇಲ್ಲ. ಒಪ್ತೀರಾ?"

ಉತ್ತರ: ಅರ್ಧ ಒಪ್ತೀನಿ ಕಣ್ರೀ. ಮೂರೂಕಾಲು ಲಕ್ಷ ಚಿಲ್ಲರೆ ಜನ ಇರೋ ದೇಶ ಆ ವರ್ಷದ ಯೂರೋದಲ್ಲಿ, ಅಂದ್ರೆ ಯೂರೋಪಿನ ದೇಶಗಳ ಕಪ್‌ನಲ್ಲಿ, ಫ್ರಾನ್ಸಿನ ನೀಸ್‌ನಲ್ಲಿ ಇಂಗ್ಲೆಂಡನ್ನ 2-1ಕ್ಕೆ ಮನೆಗೆ ಕಳಿಸಿದ್ದು, ಎರಡು ವರ್ಷ ಬಿಟ್ಟು ವಿಶ್ವಕಪ್‌ನಲ್ಲಿ ಮೆಸ್ಸಿ ಪೆನಾಲ್ಟಿ ತಡೆದಿದ್ದು, ಇದನ್ನೆಲ್ಲ ಇಲ್ಲ ಅನ್ನೋಕೆ ನಾನ್ಯಾರು. ಆದ್ರೆ ಆ ಹುಡುಗ್ರು ಹಿಮ ಬೀಳೋವಾಗ್ಲೂ ಸೂರಿನಡಿ ಆಡೋ ದೊಡ್ಡ ಹಾಲ್‌ಗಳು, ಲೈಸೆನ್ಸ್ ಇರೋ ಕೋಚ್‌ಗಳು ಬಂದ ಕಾಲದವರು. ಇದ್ಯಾವುದೂ ಇಲ್ದೆ 1967ರಲ್ಲಿ ಇದೇ ಐಸ್‌ಲ್ಯಾಂಡ್ ಕೋಪನ್‌ಹೇಗನ್‌ಗೆ ಹೋಗಿ ಡೆನ್ಮಾರ್ಕ್ ಕೈಲಿ 14-2 ಅಂತ ಬಾರಿಸ್ಕೊಂಡು ಬಂದಿತ್ತು.

ಫಿನ್‌ಲ್ಯಾಂಡ್ ಲಿಟ್ಮನೆನ್ ಗೊತ್ತಲ್ಲ, 1995ರಲ್ಲಿ ಹಾಲೆಂಡಿನ ಅಯಾಕ್ಸ್ ಕ್ಲಬ್ ಜೊತೆ ಚಾಂಪಿಯನ್ಸ್ ಲೀಗ್ ಗೆದ್ದೋನು, ದೇಶದ ಪರ ಒಂದೇ ಒಂದು ದೊಡ್ಡ ಟೂರ್ನಿ ಆಡಲಿಲ್ಲ ಪಾಪ. ಆಮೇಲೆ ಸ್ಟ್ರೈಕರ್ ಪುಕ್ಕಿ ಇದ್ದ ಫಿನ್‌ಲ್ಯಾಂಡ್ ಟೀಮ್ ಯೂರೋಗೆ ಹೋಯ್ತು, ಸರಿ, ಆದ್ರೆ ಅಷ್ಟೊತ್ತಿಗೆ 16 ಟೀಮ್‌ಗಳ ಪಂಕ್ತಿ 24ಕ್ಕೆ ಏರಿತ್ತು, ಅದು ನಿಮ್ಮ ಪಟ್ಟಿಯಲ್ಲಿ ಇದೆಯಾ?

ಈಗ ಫೆರೋ ವಿಷಯಕ್ಕೆ ಬನ್ನಿ. 1990ರ ಸೆಪ್ಟೆಂಬರ್‌ನಲ್ಲಿ ನಾನು ಪೇಪರ್‌ನ ಕ್ರೀಡಾ ಪುಟದ ಮೂಲೇಲಿ "ಫೆರೋ ದ್ವೀಪ 1, ಆಸ್ಟ್ರಿಯಾ 0" ಅಂತ ಓದಿ ಪ್ರಿಂಟ್ ತಪ್ಪಾಗಿದೆ, ಅಂಕಿ ಉಲ್ಟಾ ಹೊಡೆದಿದ್ದಾರೆ ಅಂದ್ಕೊಂಡಿದ್ದೆ. ಆಸ್ಟ್ರಿಯಾ ಆ ಬೇಸಿಗೆಯಲ್ಲಷ್ಟೇ ಇಟಲಿಗೆ ಹೋಗಿ ವಿಶ್ವಕಪ್ ಆಡಿ ಬಂದಿತ್ತು. ಇವರದು ಮೊಟ್ಟಮೊದಲ ಯೂರೋ ಕ್ವಾಲಿಫೈಯಿಂಗ್ ಮ್ಯಾಚು, ಊರಲ್ಲಿ ಒಂದು ಹುಲ್ಲಿನ ಮೈದಾನಾನೂ ಇಲ್ಲ, ಅದಕ್ಕೇ ಸ್ವೀಡನ್ನಿನ ಲ್ಯಾಂಡ್ಸ್‌ಕ್ರೋನಾಗೆ ಹೋಗಿ ತಮ್ಮ "ತವರಿನ" ಪಂದ್ಯ ಆಡಿದ್ರು. ಕೀಪರ್ ಕ್ನೂಡ್ಸೆನ್ ಫೋರ್ಕ್‌ಲಿಫ್ಟ್ ಓಡಿಸೋನು, ತಲೆಗೆ ಕುಚ್ಚಿರೋ ಬಿಳೀ ಉಣ್ಣೆ ಟೊಪ್ಪಿ, ನಮ್ಮಜ್ಜಿ ಮಾಘ ಮಾಸದಲ್ಲಿ ಹಾಕ್ಕೊಳ್ತಿದ್ದಳಲ್ಲ ಆ ಥರದ್ದು. ಎರಡನೇ ಅರ್ಧದಲ್ಲಿ ನೀಲ್ಸೆನ್ ಅನ್ನೋನು ಚೆಂಡು ತಳ್ಕೊಂಡು ಡಿಫೆಂಡರ್‌ಗಳನ್ನ ದಾಟಿ ಗೋಲ್ ಹೊಡ್ದ, ಆ ಮನುಷ್ಯ ದೇಶದ ಪರ ಚೆಸ್ಸೂ ಆಡ್ತಿದ್ದ ಮಾರಾಯ್ರೇ! ಆಸ್ಟ್ರಿಯಾ ಕೋಚ್ ಕೆಲಸಾನೇ ಹೋಯ್ತು. ಹೌದು, ಆ ಕ್ವಾಲಿಫೈಯಿಂಗ್‌ನ ಎಂಟು ಮ್ಯಾಚಲ್ಲಿ ಅವರಿಗೆ ಸಿಕ್ಕಿದ್ದು ಮೂರೇ ಪಾಯಿಂಟು, ನೀವು ಹೇಳೋಕೆ ಮುಂಚೆ ನಾನೇ ಹೇಳ್ತಿದ್ದೀನಿ. ಆದ್ರೂ ಕೈಲಿ ಏನಿತ್ತು, ಅದ್ರಲ್ಲಿ ಏನು ಮಾಡಿದ್ರು ಅಂತ ನೋಡಿದ್ರೆ ನನ್ನ ಓಟು ಟೊಪ್ಪಿಗೇ.

ತಮಾಷೆ ಏನಪ್ಪಾ ಅಂದ್ರೆ, ಫಿಫಾ ರ್‍ಯಾಂಕಿಂಗ್ ಶುರುವಾಗಿದ್ದೇ 1992ರ ಡಿಸೆಂಬರ್‌ನಲ್ಲಿ. ಆ ರಾತ್ರಿ ನಿಮ್ಮ ಪಟ್ಟಿಯೊಳಗೆ ಬರೋ ಹಂಗೇ ಇಲ್ಲ. ಇದು ನಿಮ್ಮೊಬ್ಬರ ತಪ್ಪಲ್ಲ ಬಿಡಿ, ಈಗ ಮ್ಯಾಚ್ ಮುಗಿಯೋ ಮೊದ್ಲೇ ಆಪ್ ತೆಗೆದು ಆಟಗಾರನಿಗೆ 7.2, 6.8 ಅಂತ ಮಾರ್ಕ್ಸ್ ನೋಡ್ತೀವಿ, ನನ್ನ ಮಗನೂ ಅಷ್ಟೇ, ಆಟ ಹೆಂಗಿತ್ತೋ ಅಂದ್ರೆ ಪರ್ಸೆಂಟೇಜ್ ಓದ್ತಾನೆ.

ಆ ಗೋಲಿನ ವಿಡಿಯೋ ನೆಟ್‌ನಲ್ಲಿ ಸಿಗುತ್ತೆ, ಸ್ವಲ್ಪ ಮಸುಕು. ನೋಡಿ ಇನ್ನೊಂದು ಕಾಗದ ಹಾಕಿ, ಪಟ್ಟಿ ಮಾತ್ರ ಲಗತ್ತಿಸ್ಬೇಡಿ.

— ಸಂ.